ಬಿಗಿದ ಬೆಲ್ಟು

ಆಸ್ಲಾತನಿಗೆ ಯಾವುದನ್ನೂ ಸಡಿಲವಾಗಿ ಕಟ್ಟಿ ಗೊತ್ತಿರಲಿಲ್ಲ. ಉತ್ತರ ಧ್ರುವದ ಕಡೆಯ ಆ ಹಿಮದ ನಾಡಿನಲ್ಲಿ ಅಪ್ಪ ಹಿಮಸಾರಂಗಕ್ಕೆ ಜಾರುಬಂಡಿ ಹೂಡುತ್ತಿದ್ದ ಕಾಲದಲ್ಲಿ, ಹುಡುಗ ಆಸ್ಲಾತ್ ಅದರ ಹೊಟ್ಟೆಪಟ್ಟಿ ಸಡಿಲ ಬಿಟ್ಟದ್ದಕ್ಕೆ ಬಂಡಿ ಮಗುಚಿ, ಅಪ್ಪನ ಏಟು ಅವನ ಕಪಾಳಕ್ಕೆ ಬಿದ್ದಿತ್ತು. ಅರವತ್ತು ದಾಟಿದರೂ ಆ ಏಟು ಕೆನ್ನೆ ಬಿಟ್ಟಿರಲಿಲ್ಲ. ಸಾರಂಗದ ಜಾಗಕ್ಕೆ ಮೋಟಾರಿನ ಹಿಮಗಾಡಿ ಬಂದ ಮೇಲೂ ಅದರ ಅಡಿಯ ರಬ್ಬರ್ ಬೆಲ್ಟನ್ನು ಹೊಟ್ಟೆಪಟ್ಟಿಯೆಂದೇ ತಿಳಿದು ಬಿಗಿಯುತ್ತಿದ್ದ.

ಹಿಮಗಾಡಿ ಹಾಗೆ ಬಿಗಿಸಿಕೊಳ್ಳುವ ಪ್ರಾಣಿಯಲ್ಲ. ಗಾಡಿಯ ಹಿಂಭಾಗ ಎತ್ತಿ ನಿಲ್ಲಿಸಿ, ಬೆಲ್ಟನ್ನು ನಡುವೆ ಹಿಡಿದು ಕೆಳಗೆ ಎಳೆದರೆ ಎರಡು ಬೆರಳಷ್ಟು ಜೋಲಬೇಕು. ಹೆಚ್ಚು ಜೋತರೆ ಅದನ್ನು ತಿರುಗಿಸುವ ಚಕ್ರದ ಹಲ್ಲು ತಪ್ಪುತ್ತದೆ. ಹೆಚ್ಚು ಬಿಗಿದರೆ ಒಳಗಿನ ಪ್ಲಾಸ್ಟಿಕ್ ಪಟ್ಟಿಗಳನ್ನು ತಿಂದು ಹಾಕುತ್ತದೆ. ಬೆಲ್ಟು ಜಾರುವುದು ಆ ಪಟ್ಟಿಗಳ ಮೇಲೆ. ಅವಕ್ಕೆ ಎಣ್ಣೆಯೂ ನೀರೂ ಎಲ್ಲ ಹಿಮವೇ. ಹಿಮ ಚಿಮ್ಮದ ಬರಿ ಮಂಜುಗಡ್ಡೆಯ ಮೇಲೆ ಬಿಗಿದ ಬೆಲ್ಟು ಓಡಿಸಿದರೆ ಪಟ್ಟಿ ಕಾದು ಕರಗುತ್ತದೆ, ನಿಂತಲ್ಲೇ ಬೆಲ್ಟಿಗೆ ಅಂಟಿ ಗಟ್ಟಿಯಾಗುತ್ತದೆ. ಇದು ತಂಗಿ ಇಂಗಾಳಿಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು ಎನ್ನಿ, ಆದರೆ ತಲೆಗೆ ಗೊತ್ತಿದ್ದದ್ದನ್ನು ಕೈ ಕೇಳಬೇಕಲ್ಲ! ಹುಟ್ಟುಗುಣ ಸುಟ್ಟರೂ ಹೋಗದು.

ಹಾಗಾಗಿ ಆ ಮನೆಯಲ್ಲಿ ಬಾಯಿಬಿಟ್ಟು ಹೇಳದ ಒಂದು ಪದ್ಧತಿ ಬೆಳೆದಿತ್ತು. ತಮ್ಮ ಸಾರಂಗಗಳ ಹಿಂಡಿನ ಕಡೆ ಹೊರಡುವ ಹಿಂದಿನ ಸಂಜೆ ಆಸ್ಲಾತ್ ಬೆಲ್ಟನ್ನು ಎಳೆದು ಹಿಡಿಯುವ ಬೋಲ್ಟು ಬಿಗಿದು, ಕಾಫಿ ಕುಡಿಯಲು ಒಳಗೆ ಬರುತ್ತಿದ್ದ. ಇಂಗಾ ನಾಯಿಗೆ ಊಟ ಹಾಕುವ ನೆಪದಲ್ಲಿ ಹೊರಗೆ ಹೋಗಿ, ಎರಡೂ ಕಡೆಯ ಬೋಲ್ಟುಗಳನ್ನು ಸಮನಾಗಿ ಎರಡೆರಡು ಸುತ್ತು ಬಿಚ್ಚಿ, ಬೆಲ್ಟು ಪಕ್ಕಕ್ಕೆ ವಾಲದೆ ನಡುವೆಯೇ ತಿರುಗುತ್ತಿದೆಯೇ ಎಂದು ನೋಡಿ, ಏನೂ ಅರಿಯದವಳಂತೆ ಬಂದು ಕೂರುತ್ತಿದ್ದಳು. ಅವನು ಮದುವೆಯಾಗದವನು, ಅವಳು ಗಂಡ ಸತ್ತವಳು. ಸರೋವರದ ದಡದ ಒಂದೇ ಮನೆ. ಅಣ್ಣನಿಗೆ ಇಷ್ಟು ವರ್ಷವಾದರೂ ಸುಳಿವು ಹತ್ತಲಿಲ್ಲವೆಂದು ಅವಳಿಗೆ ಒಳಗೊಳಗೇ ನಗು.

ಆ ಚಳಿಗಾಲದ ಆರಂಭದಲ್ಲಿ ಬಿದ್ದ ಹಿಮದ ಮೇಲೆ ಮಳೆ ಹೊಯ್ದು, ಮರುದಿನವೇ ಎಲ್ಲ ಹೆಪ್ಪುಗಟ್ಟಿತು. ನೆಲಕ್ಕೆ ಗಾಜು ಹೊದಿಸಿದ ಹಾಗಾಯಿತು. ಸಾರಂಗಗಳ ಗೊರಸಿಗೆ ಅಡಿಯ ಮೇವಾದ ಹಾವಸೆ ಸಿಗಲಿಲ್ಲ. ಹಸಿದ ಹಿಂಡು ಸರೋವರದ ಆಚೆ ದಿಕ್ಕಾಪಾಲಾಗತೊಡಗಿತು. ಇಂಥ ಹೊತ್ತಿನಲ್ಲಿ ಹಿಂಡನ್ನು ಹಿಂದೆ ಕರೆತರಲು ಗಂಟೆ ಕಟ್ಟಿದ ಒಂದು ಸಾಧು ಸಾರಂಗ ಬೇಕು. ಇಂಗಾ ಅಂಗೈಯಲ್ಲಿ ತಿನ್ನಿಸಿ ಸಾಕಿದ ಬಿಳಿಮೂತಿ ಅಂಥದ್ದು. ಅವಳು ಹಲ್ಲು ಕೀಳಿಸಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಆಸ್ಲಾತ್ ಅದನ್ನು ಕಡಿದಿದ್ದ.

“ಯಾವುದ್ರ ಮಾಂಸ ಇದು?” ಬಟ್ಟಲು ನೋಡಿ ಕೇಳಿದಳು.

“ತಿನ್ನು ತಿನ್ನು. ಮೂಳೆ ಚೆನ್ನಾಗಿದೆ.”

“ಅಣ್ಣ, ಬಿಳಿಮೂತಿ ಎಲ್ಲಿ?”

ಅವನು ಸಾರು ಹೀರಿದ. “ಕುಂಟ್ತಿತ್ತು ಕಣೇ. ಈ ಮಂಜುಗಡ್ಡೆ ಮೇಲೆ ಇನ್ನೆಷ್ಟು ದಿನ ನರಳ್ಬೇಕಿತ್ತು?”

“ಕುಂಟೋರ್ನೆಲ್ಲ ಕಡಿಯೋದಾದ್ರೆ ಮೊದ್ಲು ನಿನ್ ಮೊಣಕಾಲು ನೋಡ್ಕೋ!”

“ನನ್ ಮಾಂಸ ಬೇಯಲ್ಲ ಬಿಡು.”

“ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾ?”

“ಕೇಳಿದ್ರೆ ಬೇಡ ಅಂತಿದ್ದೆ.”

“ಅಂತಿದ್ದೆ! ಅದಕ್ಕೇ ತಾನೇ ಕೇಳ್ಬೇಕಿದ್ದಿದ್ದು?”

ಅವಳು ಬಟ್ಟಲನ್ನು ಎತ್ತಿಕೊಂಡು ಹೋಗಿ ನಾಯಿಯ ಮುಂದೆ ಸುರಿದಳು. ಬಿಳಿಮೂತಿಯ ಪಕ್ಕದಲ್ಲೇ ಮಲಗಿ ಬೆಳೆದ ನಾಯಿ ನಾಚಿಕೆಯಿಲ್ಲದೆ ನೆಕ್ಕಿತು.

ಸಂಜೆ ಆಸ್ಲಾತ್ ಎಂದಿನಂತೆ ಗಾಡಿಯ ಬೋಲ್ಟು ಬಿಗಿದು ಒಳಗೆ ಬಂದ. ಆ ಕಡೆಯವರ ರೂಢಿಯಂತೆ ಕಾಫಿಗೆ ಚೀಸಿನ ತುಂಡು ಹಾಕಿಕೊಂಡು ಕೂತ. ಇಂಗಾ ಒಲೆಯ ಹತ್ತಿರ ಕೂತವಳು ಏಳಲಿಲ್ಲ.

“ಬೆಳಗ್ಗೆ ಕೆರೆ ದಾಟಿ ಹೋಗ್ತೀನಿ,” ಎಂದ. “ಹಿಂಡು ಆ ಗುಡ್ಡ ಹತ್ತಿಬಿಟ್ರೆ ಆಮೇಲೆ ಕೈಗೆ ಸಿಗಲ್ಲ. ದಾರಿಯೆಲ್ಲ ಬರೀ ಗಡ್ಡೆ.”

ಅವಳು ಒಲೆಗೆ ಕಟ್ಟಿಗೆ ತುರುಕಿದಳು.

“ನಾಯಿಗೆ ಹಾಕಿದ್ಯಾ?”

“ಆಗ್ಲೇ ಹಾಕಾಯ್ತು. ನಿನ್ ಸಾರು.”

ಅವನು ಕಾಫಿ ಗುಟುಕರಿಸಿ ಮತ್ತೆ ಕೇಳಿದ, “ನೀರಿಟ್ಯಾ ಅದಕ್ಕೆ?”

“ನಾಯಿ ಮೇಲೆ ಅಷ್ಟು ಪ್ರೀತಿ ಇದ್ರೆ ನೀನೇ ಹೋಗಿ ಇಡು.”

ಅವನು ತಲೆ ಕೆರೆದುಕೊಂಡು ಮಲಗಲು ಹೋದ. ಇಂಗಾಳಿಗೆ ಬೋಲ್ಟಿನ ನೆನಪು ಚೆನ್ನಾಗಿಯೇ ಇತ್ತು. ಸರೋವರದ ನಡುವೆ ಪಟ್ಟಿ ಕರಗಿ ಗಾಡಿ ನಿಲ್ಲುತ್ತದೆಂದೂ ಗೊತ್ತಿತ್ತು. ನಿಲ್ಲಲಿ. ಆ ಮೊಣಕಾಲು ಎಳೆದುಕೊಂಡು ನಡೆದು ಬರಲಿ, ಕುಂಟುವವನಿಗೆ ಕುಂಟುವುದರ ರುಚಿ ತಿಳಿಯಲಿ. ಅವಳು ಬಯಸಿದ್ದು ಅಷ್ಟೇ, ಅದಕ್ಕಿಂತ ಹೆಚ್ಚಲ್ಲ. ಬೆಳಗ್ಗೆ ಗಾಡಿ ಹೊರಟಾಗ ಬೆಲ್ಟು ಕೀಚಲು ದನಿಯಲ್ಲಿ ಅತ್ತದ್ದು ಒಳಗೇ ಕೇಳಿಸಿತು. ಅವಳು ಎದ್ದು ಬಾಗಿಲ ಚಿಲಕದ ಮೇಲೆ ಕೈಯಿಟ್ಟಳು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದ. ಕೈ ತೆಗೆದು ಮತ್ತೆ ಒಲೆಯ ಹತ್ತಿರ ಹೋದಳು. ಆ ಕೈಯನ್ನು ಆಮೇಲೆ ಅವಳು ಎಷ್ಟು ಸಲ ನೋಡಿಕೊಂಡಳೋ.

ಸೂರ್ಯ ಮೇಲೇಳದ ಆ ದಿನಗಳಲ್ಲಿ ಮಧ್ಯಾಹ್ನಕ್ಕಷ್ಟೇ ಕಾಣುವ ಮಬ್ಬು ಬೆಳಕು ಬರುವ ಮೊದಲೇ ಉತ್ತರದಿಂದ ಗಾಳಿ ಎದ್ದಿತು. ಉಗುಳಿದ್ದು ನೆಲಕ್ಕೆ ಬೀಳುವ ಮುನ್ನ ಗಟ್ಟಿಯಾಗುವಂಥ ಚಳಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುವುದಿಲ್ಲ ಎನ್ನುತ್ತಾರೆ; ಇಂಗಾಳ ಸಿಟ್ಟು ಆ ಗಾಳಿಗೆ ಒಂದೇ ಏಟಿಗೆ ಇಳಿಯಿತು. ಪಕ್ಕದ ಹಿಂಡು ಕಾಯುವ ಯೋವ್ನನಿಗೆ ಫೋನು ಮಾಡಿದಳು. ರಕ್ಷಣೆಯ ಹೆಲಿಕಾಪ್ಟರ್ ಈ ಗಾಳಿಗೆ ಏಳುವುದಿಲ್ಲವೆಂದೂ, ತಾನೇ ಬಳಸುದಾರಿಯಲ್ಲಿ ಬರುವೆನೆಂದೂ ಅವನು ಹೇಳಿದ. ಇಂಗಾ ಅವನಿಗೆ ಕಾಯದೆ, ತನ್ನದೇ ಇನ್ನೊಂದು ಹಿಮಗಾಡಿಗೆ ಜಾರುಬಂಡಿ ಕಟ್ಟಿ, ಸಾರಂಗದ ತೊಗಲು ಹೇರಿಕೊಂಡು ಹೊರಟಳು.

ಆಚೆ ದಡದ ಹತ್ತಿರ ಅವನ ಗಾಡಿ ನಿಂತಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗಾಳಿಗೂ ಹೋಗಿರಲಿಲ್ಲ. ಕರಗಿದ ಪಟ್ಟಿ ಬೆಲ್ಟಿಗೆ ಮೆತ್ತಿಕೊಂಡು ಕಲ್ಲಾಗಿತ್ತು. ಆಸ್ಲಾತ್ ನಡೆದು ದಡ ಸೇರಲು ಹೋಗಿ, ಹಳ್ಳ ಬಂದು ಕೂಡುವ ತೆಳು ಗಡ್ಡೆಯಲ್ಲಿ ತೊಡೆಯವರೆಗೆ ಇಳಿದಿದ್ದ. ಹೇಗೋ ಮೇಲೆದ್ದು, ತೆವಳಿಕೊಂಡು ಬಂದು, ಗಾಡಿಯ ಮರೆಯಲ್ಲಿ ಮುದುಡಿದ್ದ. ಬೂಟು, ಪ್ಯಾಂಟು ಎಲ್ಲ ಹಲಗೆಯಾಗಿದ್ದವು.

“ಬಂದ್ಯಾ,” ಎಂದ.

“ಬಂದೆ ಅಣ್ಣ. ಮಾತಾಡ್ಬೇಡ.” ಚಾಕುವಿನಿಂದ ಬೂಟು ಸೀಳಿ, ಬಿಳುಚಿದ ಪಾದಗಳಿಗೆ ತೊಗಲು ಸುತ್ತತೊಡಗಿದಳು.

“ಬೆಲ್ಟು ಹಿಡ್ಕೊಂಡ್ಬಿಡ್ತು ಕಣೇ.”

“ಬಿಗಿ ಇತ್ತು.”

“ಇದ್ದೇ ಇರುತ್ತೆ. ಹೆಂಗೂ ನೀನು ಬಿಚ್ತೀಯಲ್ಲ ಅಂತ ಯಾವಾಗ್ಲೂ ಎರಡು ಸುತ್ತು ಜಾಸ್ತಿನೇ ಹಾಕ್ತೀನಿ.”

ಇಂಗಾಳ ಕೈ ನಿಂತಿತು. “ನಿಂಗೆ ಗೊತ್ತಿತ್ತಾ?”

“ಒಂದು ನಾಯಿಗೆ ಅಷ್ಟೊತ್ತು ಯಾರೇ ಊಟ ಹಾಕ್ತಾರೆ?” ಮರಗಟ್ಟಿದ ತುಟಿಯಲ್ಲೇ ನಕ್ಕ. “ಕೋಪ ಮಾಡ್ಕೊಂಡಿದ್ಯಲ್ಲ, ಎಲ್ಲಿ ಮರೀತೀಯೋ ಅಂತ ನೆನಪು ಮಾಡ್ದೆ. ಆಮೇಲೆ ಅನ್ಸಿತು, ಎಷ್ಟೇ ಕೋಪ ಇದ್ರೂ ಅದೊಂದು ನೀನು ಬಿಡಲ್ಲ.” ಉಸಿರು ಎಳೆದುಕೊಂಡ. “ಎಷ್ಟು ಸುತ್ತು ಬಿಚ್ಚಿದ್ದೆ? ನಾನೇ ಈ ಸಲ ಲೆಕ್ಕ ತಪ್ಪಿ ಬಿಗಿದೆ ಅಂತ ಕಾಣುತ್ತೆ.”

“ಎರಡು,” ಎಂದಳು ಇಂಗಾ. “ಎರಡೇ ಬಿಚ್ಚಿದ್ದೆ ಅಣ್ಣ.”

“ಹಾಗಾದ್ರೆ ನಂದೇ ತಪ್ಪು.”

ಅವನನ್ನು ಬಂಡಿಗೆ ಕಟ್ಟಿ ಹಿಂದಿರುಗಿದಳು. ವೇಗವಾಗಿ ಓಡಿಸಿದರೆ ಅವಳ ಗಾಡಿಯ ಪಟ್ಟಿಯೂ ಸುಡುತ್ತದೆ, ಇಬ್ಬರೂ ಅಲ್ಲೇ ಉಳಿಯಬೇಕಾಗುತ್ತದೆ. ನಿಧಾನ ಮಾಡಿದರೆ ಹಿಂದೆ ಮಲಗಿದವನು ತಣ್ಣಗಾಗುತ್ತಾನೆ. ಗಾಡಿಯ ಕೆಳಗೆ ಇಳಿಬಿಟ್ಟ ಕೆರೆಯುವ ತಂತಿಗಳು ಗಡ್ಡೆಯನ್ನು ಕೆರೆದು ಪಟ್ಟಿಗೆ ಪುಡಿ ಎರಚುತ್ತಿದ್ದವು, ಆದರೆ ಅದು ಸಾಲದು. ಗಡ್ಡೆಯಿಂದ ತಲೆಯೆತ್ತಿದ ಬಂಡೆಯ ಮರೆಯಲ್ಲಿ ಒಂದಿಷ್ಟು ಹಿಮ ಕಂಡಲ್ಲೆಲ್ಲ ನಿಲ್ಲಿಸಿ, ಬೊಗಸೆಯಲ್ಲಿ ತಂದು ಪಟ್ಟಿಗಳಿಗೆ ತುಂಬುತ್ತಿದ್ದಳು.

“ಅಣ್ಣಾ?”

“ಹೂಂ.”

ಮತ್ತೆ ಸ್ವಲ್ಪ ದೂರ, ಮತ್ತೆ ಹಿಮ.

“ಅಣ್ಣಾ?”

“ಹೂಂ.”

ಮನೆಯ ದೀಪ ಕಾಣುವಲ್ಲಿ ಕೊನೆಯ ಸಲ ನಿಲ್ಲಿಸಿದಳು. ಕರೆದಳು. ಇನ್ನೊಮ್ಮೆ ಕರೆದಳು. ಬಂಡಿಯ ಹತ್ತಿರ ಹೋಗಿ ಅವನ ಮೂಗಿನ ಹತ್ತಿರ ಕೆನ್ನೆಯಿಟ್ಟು ಬಹಳ ಹೊತ್ತು ಕಾದಳು. ಆಮೇಲೆ ಬೊಗಸೆಯಲ್ಲಿದ್ದ ಹಿಮವನ್ನು ಪಟ್ಟಿಗಳಿಗೆ ತುಂಬಿ ಗಾಡಿ ಹತ್ತಿದಳು.

ಮಣ್ಣು ಮಾಡಿದ ಮೇಲೆ ಯೋವ್ನ ಆಸ್ಲಾತನ ಗಾಡಿಯನ್ನು ಎಳೆದು ತಂದ. ಉಳಿದ ಹಿಂಡನ್ನಾದರೂ ಕೂಡಿಸಬೇಕಿತ್ತು. ಬಿಸಿನೀರು ಹೊಯ್ದು ಬೆಲ್ಟು ಬಿಡಿಸಿ, ಕರಗಿದ್ದನ್ನು ಕೆರೆದು, ಹೊಸ ಪಟ್ಟಿ ತೂರಿಸಿದ. ಹಿಂಭಾಗ ಎತ್ತಿ ಬೆಲ್ಟಿಗೆ ಕೈ ಹಾಕಿದವನು ಹುಬ್ಬೇರಿಸಿದ.

“ಇಂಗಕ್ಕಾ, ಅಲ್ಲಾಡೋದೇ ಇಲ್ವಲ್ಲ ಇದು! ಮುದುಕನಿಗೆ ಎಷ್ಟು ಹೇಳಿದ್ರೂ—”

“ಅವನನ್ನ ಬೈಬೇಡ. ಮಾಡಿದ್ದು ನಾನು,” ಎಂದಳು ಇಂಗಾ.

ಯೋವ್ನ ನಂಬಲಿಲ್ಲ. ಅವಳು ಅವನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಬಲಗಡೆ ಎರಡು ಸುತ್ತು, ಎಡಗಡೆ ಎರಡು ಸುತ್ತು ಬಿಚ್ಚಿದಳು. ಬೆಲ್ಟು ಹಿಡಿದು ಎಳೆದಳು. ಎರಡು ಬೆರಳಷ್ಟು ಜೋತಿತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅಣ್ಣನ ಲೆಕ್ಕ ತಪ್ಪಿರಲಿಲ್ಲ.

“ಅರೆ, ಇಷ್ಟೇನಾ! ಎರಡು ಸುತ್ತಿನ ಕೆಲಸ,” ಎಂದ ಯೋವ್ನ.

ಇಂಗಾ ಸ್ಪ್ಯಾನರ್ ಹಿಡಿದುಕೊಂಡೇ ಗಾಡಿಯ ಪಕ್ಕ ನೆಲದ ಮೇಲೆ ಕೂತು ಅತ್ತಳು.