ಭಾವನ ಕೆಮ್ಮು

ಹೊಟ್ಟೆಪಾಡಿಗೆ ಅವನು ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದ. ಜೀವ ಇದ್ದದ್ದೆಲ್ಲ ಧ್ವನಿ ಮುದ್ರಿಸುವ ಹಳೇ ಸ್ಪೂಲ್ ಟೇಪಿನಲ್ಲಿ. ಹಾಡು ಕೇಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಇವನ ಹುಚ್ಚೇ ಬೇರೆ. ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು, ಬೇಡದ ತುಂಡು ತೆಗೆದು, ಎರಡು ತುದಿಗಳನ್ನು ಸಂದು ಕಾಣದಂತೆ ಅಂಟಿಸಿಬಿಟ್ಟರೆ ಅವತ್ತು ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು. ಬೀದಿಯವರ ಬಾಯಲ್ಲಿ ಅವನು ಟೇಪಣ್ಣ. "ನಿಮ್ಮ ಹತ್ರ ಜಗಳ ಆಡಕ್ಕೂ ಭಯ. ನನ್ನ ಮಾತಷ್ಟನ್ನೇ ಕತ್ತರಿಸಿ ಬಿಸಾಕ್ತೀರಿ," ಅನ್ನುತ್ತಿದ್ದಳು ಹೆಂಡತಿ.

ಅಕ್ಕನ ಗಂಡ, ಭಾವ, ತೀರಿಕೊಂಡು ಎಂಟು ತಿಂಗಳಾಗಿತ್ತು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಎದೆ ತುಂಬ ಧೂಳು ತುಂಬಿಕೊಂಡಿದ್ದ ಮನುಷ್ಯ. ಕೊನೆಯ ವರ್ಷ ಟೇಪಣ್ಣನೇ ಮೈಕು ಇಟ್ಟು ಅವರನ್ನು ಮಾತಾಡಿಸಿದ್ದ, ನಲವತ್ತು ನಿಮಿಷ. ಆ ಸ್ಪೂಲನ್ನೂ ಅದನ್ನು ಕೇಳಲು ಅವನೇ ಕೊಟ್ಟಿದ್ದ ಹಳೇ ಯಂತ್ರವನ್ನೂ ಅಕ್ಕ ಹೊತ್ತು ತಂದಳು.

"ಗುಂಯ್ ಅಂತ ಬರುತ್ತಲ್ಲೋ, ಅದೊಂದನ್ನ ಕಡಿಮೆ ಮಾಡ್ಕೊಡು. ಮನೇಲಿ ಸದ್ದೇ ಇಲ್ಲ ಕಣೋ. ಇದನ್ನ ಹಾಕ್ಕೊಂಡ್ರೇನೇ ನಿದ್ದೆ."

ಗುಂಯ್ ಅನ್ನುತ್ತಿದ್ದದ್ದು ಯಂತ್ರ, ಟೇಪಲ್ಲ. ಅರ್ತಿಂಗ್ ತಂತಿ ಕಳಚಿತ್ತು. ಅರ್ಧ ಗಂಟೆಯಲ್ಲಿ ಸರಿಹೋಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು.

ಆದರೆ ಪರೀಕ್ಷೆಗೆಂದು ಹಾಕಿದ ಟೇಪು ಅವನನ್ನು ಹಿಡಿದು ಕೂರಿಸಿತು. ನಾಲ್ಕು ಮಾತಿಗೊಂದು ಕೆಮ್ಮು, ಕೆಮ್ಮಿನ ಹಿಂದೆ ಸೀಟಿ ಊದಿದಂಥ ಉಸಿರು. ಪಾಪ, ಬದುಕಿದ್ದಾಗಂತೂ ನೆಟ್ಟಗೆ ಉಸಿರಾಡಲಿಲ್ಲ, ಇಲ್ಲಾದರೂ ನಿರಾಳವಾಗಿ ಮಾತಾಡಲಿ ಅಂದುಕೊಂಡ.

ರೇಡಿಯೋ ರಿಪೇರಿಯ ಗೆಳೆಯ ಕೇಳಿದ: "ಅಸಲಿಗೇ ಬ್ಲೇಡು ಹಾಕ್ತೀಯೇನಯ್ಯಾ? ಒಂದು ನಕಲು ಮಾಡ್ಕೊಂಡು ಅದನ್ನ ಕೊಯ್ಯಿ."

"ನಕಲು ಮಾಡಿದ್ರೆ ಧ್ವನಿ ಮಂಕಾಗುತ್ತೆ. ಅಕ್ಕನಿಗೆ ಮಂಕು ಭಾವನನ್ನ ಕೊಡ್ಲಾ?"

ಗೆಳೆಯ ನಕ್ಕ. ಟೇಪಿನ ಹುಚ್ಚು ಹಿಡಿದವರಿಗೆಲ್ಲ ಅದೇ ನೇಮ, ನಕಲೆಂದರೆ ಎಂಜಲು.

ಮೂರು ವಾರ, ಕೆಲಸದಿಂದ ಬಂದ ಮೇಲೆ ಕೂತು ಇನ್ನೂರ ಹನ್ನೆರಡು ಕಡೆ ಕೊಯ್ದು ಅಂಟಿಸಿದ. ನಲವತ್ತು ನಿಮಿಷ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಒಂದು ಅಂಟೂ ಕಿವಿಗೆ ತಾಗುತ್ತಿರಲಿಲ್ಲ. ಜನ್ಮದಲ್ಲೇ ಅಂಥ ಕೆಲಸ ಮಾಡಿರಲಿಲ್ಲ ಅವನು.

ಭಾನುವಾರ ಬೆಳಿಗ್ಗೆ ಅಕ್ಕ ಬಂದಳು. ಟೇಪಣ್ಣ ಗುಂಡಿ ಒತ್ತಿ, ಯಂತ್ರ ನೋಡದೆ ಅವಳ ಮುಖ ನೋಡುತ್ತ ಕೂತ. ಭಾವ, ತಾವು ಮೊದಲು ಹಿಡಿದ ಬಾಡಿಗೆ ಮನೆಯ ಸೋರುವ ನಲ್ಲಿಯ ಕತೆಯನ್ನು ಪಟಪಟನೆ ಹೇಳತೊಡಗಿದರು.

"ಯಾರೋ ಇದು?" ಅಂದಳು ಅಕ್ಕ.

"ಭಾವನೇ, ಅಕ್ಕಾ. ಕೆಮ್ಮೆಲ್ಲ ತೆಗೆದಿದ್ದೀನಿ. ಎಷ್ಟು ಚೆನ್ನಾಗಿ ಮಾತಾಡ್ತಿದ್ದಾರೆ ನೋಡು."

ಅವಳು ಇನ್ನಷ್ಟು ಹೊತ್ತು ಕೇಳಿದಳು. "ನಾನೆಲ್ಲೋ?"

"ನೀನಾ?"

"ಅವರು ಕೆಮ್ಮಿದಾಗೆಲ್ಲ ಪಕ್ಕದಲ್ಲಿ ಕೂತು, ನಿಧಾನ ರೀ, ನೀರು ಕುಡೀರಿ ಅಂತಿದ್ದೆನಲ್ಲೋ. ಹೂಂ ಕಣೇ ಅಂತಿದ್ರು. ಕೆಮ್ಮು ಹಿಡಿದ ಮೇಲೆ ಹನ್ನೊಂದು ವರ್ಷ ನಮ್ಮಿಬ್ಬರಿಗೂ ಅದೇ ಮಾತುಕತೆ."

ಟೇಪಣ್ಣನಿಗೆ ನೆನಪಿತ್ತು. ಕೆಮ್ಮಿನ ಮೇಲೆ ಒಂದು ಹೆಣ್ಣುದನಿ ಬಿದ್ದಿತ್ತು. ಕೆಮ್ಮಿನ ಜೊತೆಗೇ ಹೋಗಲೆಂದು ಬ್ಲೇಡನ್ನು ಎರಡು ಬೆರಳು ಆಚೆಗಿಟ್ಟು ಕೊಯ್ದಿದ್ದ.

"ಆ ತುಂಡುಗಳು ಕೊಡು. ಅಂಟಿಸೋದು ನಿಂಗೆ ಬರುತ್ತಲ್ಲ."

ಅವನು ಹೆಂಡತಿಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಅವಳು ಮೆಲ್ಲಗೆ ಅಂದಳು: "ದಿನಾ ಗುಡಿಸಿ ಕಸದ ಗಾಡಿಗೆ ಹಾಕ್ಬಿಟ್ಟೆ, ಅತ್ತಿಗೆ. ಕಸ ಅಂತಾನೇ ಇವರು ಹೇಳಿದ್ರು."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಮೊದಲಿಂದ ಹಾಕು," ಅಂದಳು.

ಹಾಕಿದ. ನಲ್ಲಿಯ ಕತೆ ಶುರುವಾಯಿತು. ಎಲ್ಲಿ ಕೆಮ್ಮು ಬರುತ್ತಿತ್ತೆಂದು ಅವಳಿಗೆ ಬಾಯಿಪಾಠ. ಸ್ವಲ್ಪ ಮುಂದಕ್ಕೆ ಬಾಗಿ, "ನಿಧಾನ ರೀ," ಅಂದಳು. ಅಷ್ಟರಲ್ಲಿ ಭಾವ ಮುಂದಿನ ಮಾತು ಮುಗಿಸಿ ಅದರಾಚೆಗೆ ಹೋಗಿದ್ದರು. ಎರಡನೇ ಸಲ ಮುಂಚೆಯೇ ಹೇಳಿ ನೋಡಿದಳು. ಭಾವ ಅವಳ ಮಾತಿನ ಮೇಲೆಯೇ ಮಾತಾಡಿಕೊಂಡು ಹೋದರು. ಮೂರನೇ ಸಲ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

"ಇಟ್ಕೋ ಇದನ್ನ, ನೀನೇ," ಅಂದು ಎದ್ದಳು. ಬಾಗಿಲಾಚೆ ಅವಳು ಚಪ್ಪಲಿ ಮೆಟ್ಟಿಕೊಳ್ಳುವಾಗಲೂ, ಮೆಟ್ಟಿಲಿಳಿಯುವಾಗಲೂ ಭಾವ ಮಾತಾಡುತ್ತಲೇ ಇದ್ದರು, ಎಲ್ಲೂ ನಿಲ್ಲದೆ, ಯಾರನ್ನೂ ಕಾಯದೆ.