ಚಾವಡಿಗೆ ಬಂದ ಕಡಲು

ನಾನು ಒಂದು ಗಾಜಿನ ತೊಟ್ಟಿ. ಐದು ಹಾಳೆ ಗಾಜು, ಅಂಚುಗಳಿಗೆ ಒಂದಿಷ್ಟು ಅಂಟು, ಇಷ್ಟೇ ನನ್ನ ಮೈ. ಕುಂದಾಪುರದ ಪೇಟೆಯಲ್ಲಿ ಲಾರೆನ್ಸ್ ಎಂಬವರ ಅಂಗಡಿಯಲ್ಲಿ ನಾನು ಹುಟ್ಟಿದೆ. ನನ್ನ ಅಕ್ಕತಂಗಿಯರೆಲ್ಲ ಬೇಕರಿಗಳಿಗೆ ಹೋಗಿ ಬಿಸ್ಕತ್ತು, ಲಾಡು ಹೊತ್ತು ಕುಳಿತರು. ನನಗೊಬ್ಬಳಿಗೆ ಮಾತ್ರ ನೀರಿನ ಯೋಗ. ಲಾರೆನ್ಸರು ನನ್ನ ತುಂಬ ನೀರು ತುಂಬಿಸಿ, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಸೋರದೆ ನೆಲ ಒಣಗಿಯೇ ಇರುವುದನ್ನು ಕಂಡು, ಬೆರಳಿನಿಂದ ಟಕ್ಕೆಂದು ತಟ್ಟಿ ನಕ್ಕರು. ಆ ತಟ್ಟು ನನಗೆ ಆಶೀರ್ವಾದದಂತೆ ಇಂದಿಗೂ ನೆನಪಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಸ್ವಲ್ಪ ಜಂಬ. ಗಾಜಿನ ಜಾತಿಗೆ ಇರುವುದೇ ಒಂದು ಗುಣ, ಇದ್ದೂ ಇಲ್ಲದ ಹಾಗೆ ಕಾಣುವುದು. ಯಾರಾದರೂ ನನ್ನನ್ನು ನೋಡದೆ ನನ್ನೊಳಗಿನದನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ. ಮೈಮೇಲೆ ಒಂದು ಚುಕ್ಕೆ ಕಲೆ ಕೂತರೂ ದಿನವಿಡೀ ಗೊಣಗುತ್ತೇನೆ.

ಮೊದಲು ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿನವರು ನನ್ನನ್ನು ಕೊಂಡುಹೋದರು. ಒಳಗೆ ನಾಲ್ಕು ಕೆಂಪು ಮೀನು, ಒಂದು ಪ್ಲಾಸ್ಟಿಕ್ ಮುಳುಗುಗಾರ. ಬಂದವರೆಲ್ಲ ರೂಮಿನ ಬೀಗದ ಕೈಯಿಂದ ನನ್ನನ್ನು ಕುಟ್ಟುವವರೇ. ಮೀನು ಸತ್ತ ಮೇಲೆ ನನ್ನೊಳಗೆ ಹಳೇ ಪೇಪರ್ ತುಂಬಿದರು. ಆಮೇಲೆ ಪೇಪರೂ ಹೋಯಿತು, ಜೇಡ ಬಂತು. ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡಿದ್ದಾಗ ಜಲಜ ಬಂದಳು.

ಜಲಜ ಗಂಗೊಳ್ಳಿಯವಳು. ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಗಂಡನನ್ನೂ ಕರೆದುಕೊಂಡು ಅಪ್ಪನ ಮನೆಯಲ್ಲೇ ಇದ್ದಳು. ಅವಳ ಅಪ್ಪ ಹೆರಿಯಣ್ಣ ಮೀನುಗಾರಿಕೆ ಬೋಟಿನ ತಾಂಡೇಲ. ಎಂದರೆ ಬೋಟು ನಡೆಸುವವರು, ಎಲ್ಲಿ ಬಲೆ ಬಿಡಬೇಕೆಂದು ಹೇಳುವವರು. ಆ ವರ್ಷ ನಡುಗಡಲಿನಲ್ಲೇ ಅವರ ಎದೆ ಹಿಡಿದುಕೊಂಡಿತ್ತು. ಹುಡುಗರು ಹೇಗೋ ದಡ ಮುಟ್ಟಿಸಿದ್ದರು. ಇನ್ನೊಮ್ಮೆ ಬೋಟು ಹತ್ತಿದರೆ ತಿರುಗಿ ಬರುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಹೆರಿಯಣ್ಣ ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲಿ, ಮೊದಲ ಬೋಟಿನಲ್ಲಿ ತಾನಿರುತ್ತೇನೆ ಎಂದು ಹಟ ಹಿಡಿದಿದ್ದರು. ಜಲಜ ಅತ್ತಳು, ಜಗಳವಾಡಿದಳು. ಕೊನೆಗೆ ಹೇಳಿದಳು:

"ಅಪ್ಪಯ್ಯ, ನಿಮ್ಗೆ ಕಡಲ್ ಬೇಕಾದ್ರೆ ಕಡಲನ್ನೇ ಮನಿಗ್ ತತ್ತೆ. ನೀವ್ ಮಾತ್ರ ಬೋಟ್ ಹತ್ತುಕಿಲ್ಲ."

ಹಾಗೆ ನಾನು ಆ ಮನೆಯ ಮುಂದಿನ ಹಜಾರಕ್ಕೆ, ಅವರ ಬಾಯಲ್ಲಿ ಚಾವಡಿಗೆ, ಬಂದೆ. ಹೆರಿಯಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೂಗು ಮುರಿದರು. ಇದು ಕಡಲೋ, ಉಪ್ಪಿನಕಾಯಿ ಭರಣಿಯೋ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಮಗಳ ಮುಖ ನೋಡಿ ಅವರು ಒಂದು ಮಾತು ಕೊಟ್ಟರು.

"ಈ ಕಡಲ್ ಬದ್ಕಿದ್ರೆ ನಾನ್ ಮನಿಯಂಗ್ ಇರ್ತೆ. ಸತ್ರೆ ಬೋಟಿಗ್ ಹೋತೆ."

ಯೋಚನೆ ಮಾಡಿ. ಲಾಡ್ಜಿನ ಹಳೇ ಪೇಪರ್ ಹೊತ್ತವಳ ತಲೆಗೆ ಒಂದು ಮನುಷ್ಯನ ಜೀವ ಕಟ್ಟಿಬಿಟ್ಟರು!

ನಿಷೇಧ ಶುರುವಾಗುವ ಮೊದಲು ಬೋಟಿನ ಹುಡುಗರು ಆಳದ ಕಡಲಿನಿಂದ ಡ್ರಮ್ಮುಗಳಲ್ಲಿ ನೀರು ತಂದುಕೊಟ್ಟರು. ದಡದ ನೀರು ಕೊಳಕು, ಅದು ಬೇಡ ಎಂದು ಹೆರಿಯಣ್ಣನೇ ತಾಕೀತು ಮಾಡಿದ್ದರು. ಮರಳು ಬಂತು, ತೂತು ತೂತಿನ ಕಲ್ಲು ಬಂತು, ನೀರು ಓಡಿಸಲು ಪಂಪ್ ಬಂತು. ಮಂಗಳೂರಿನ ಒಬ್ಬ ಹವ್ಯಾಸಿ ತನ್ನ ತೊಟ್ಟಿಯಲ್ಲಿ ಬೆಳೆಸಿದ ಮೆದು ಹವಳದ ಒಂದು ತುಂಡನ್ನೂ, ಬಿಳಿ ಪಟ್ಟೆಯ ಎರಡು ಕೇಸರಿ ಮೀನನ್ನೂ ಕೊಟ್ಟ. ಹವಳವೆಂದರೆ ಕಲ್ಲೆಂದು ನಾನು ತಿಳಿದಿದ್ದೆ. ಅದು ನೋಡಿದರೆ ದೀಪ ಹಾಕಿದಾಗ ಬೆರಳು ಬಿಚ್ಚುತ್ತದೆ, ಆರಿಸಿದಾಗ ಮುಷ್ಟಿ ಕಟ್ಟುತ್ತದೆ.

ಹೊಸ ತೊಟ್ಟಿಯೆಂದರೆ ಹೊಸ ಸಂಸಾರದ ಹಾಗೆ, ಹೊಂದಿಕೊಳ್ಳಲು ಸಮಯ ಬೇಕು. ಮೊದಮೊದಲು ಮರಳಿನ ಮೇಲೆ ಕಂದು ಹುಡಿ ಕೂತಿತು. ಜಲಜ ಹೆದರಲಿಲ್ಲ, ಇದು ಎಲ್ಲ ಹೊಸ ತೊಟ್ಟಿಗೂ ಬರುತ್ತದೆ, ತಾನಾಗಿ ಹೋಗುತ್ತದೆ ಎಂದಳು. ಹಾಗೇ ಆಯಿತು. ಹೆರಿಯಣ್ಣ ಕುರ್ಚಿ ಎಳೆದುಕೊಂಡು ನನ್ನೆದುರು ಕೂರತೊಡಗಿದರು. ಕೇಸರಿ ಮೀನುಗಳಿಗೆ ಬೈದರು, ಹವಳಕ್ಕೆ ಬುದ್ಧಿ ಹೇಳಿದರು, ಗಾಳಿ ಯಾವ ದಿಕ್ಕಿನದೆಂದು ನನಗೆ ವರದಿ ಕೊಟ್ಟರು. ನನ್ನೊಳಗಿನದನ್ನು ಅಷ್ಟು ಹೊತ್ತು ನೋಡಿದವರು ಅವರೊಬ್ಬರೇ. ಉಪ್ಪಿನಕಾಯಿ ಭರಣಿಯ ಮಾತನ್ನು ನಾನು ಮರೆತೆ.

ಆಮೇಲೆ ಹಸಿರು ಬಂತು. ಮೊದಲು ಕಲ್ಲಿನ ಮೇಲೆ ಎಳೆ ಕೂದಲಿನ ಹಾಗೆ, ನಂತರ ಜಡೆ ಜಡೆಯಾಗಿ. ನನ್ನ ಮೈಮೇಲೂ ಹತ್ತಿತು. ಅಯ್ಯೋ, ನನ್ನ ಮರ್ಯಾದೆಯೇ ಹೋಯಿತು! ಜಲಜ ಸಣ್ಣ ಶೀಷೆಯಲ್ಲಿ ನೀರು ಹಿಡಿದು, ಔಷಧದ ಹನಿ ಬಿಟ್ಟು, ಕುಲುಕಿ, ಬೆಳಕಿಗೆ ಹಿಡಿದಳು. ತಿಳಿ ಹಳದಿ ಇರಬೇಕಾದ ನೀರು ಕುಂಕುಮ ಕದಡಿದಂತಾಯಿತು. ನೀರಿನಲ್ಲಿ ನೈಟ್ರೇಟ್ ಹೆಚ್ಚಾಗಿದೆ ಎಂದಳು. ತಿನ್ನದೆ ಉಳಿದ ಆಹಾರ, ಮೀನಿನ ಹೊಲಸು ಕೊಳೆತರೆ ಕೊನೆಗೆ ಆಗುವುದು ಅದು. ಪಾಚಿಗೆ ಅದೇ ಗೊಬ್ಬರ.

ಅವಳು ಮಾಡದ್ದಿಲ್ಲ. ನೀರು ಬದಲಿಸಿದಳು. ದೀಪದ ಹೊತ್ತು ಕಡಿಮೆ ಮಾಡಿದಳು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ, ಕಲ್ಲನ್ನು ಕದಲಿಸದೆ, ಮೇಲೆ ಮೇಲೆ ತಿಕ್ಕಿದಳು. ದಡದ ಬಂಡೆಗಳಿಂದ ಶಂಖದ ಹುಳುಗಳನ್ನು ತಂದು ಬಿಟ್ಟಳು. ಅವು ನನ್ನ ಮೈಮೇಲೆ ಹರಿದಾಡಿ ಪಾಚಿ ನೆಕ್ಕಿದವು, ನನಗೆ ಕಚಗುಳಿ. ಮೀನಿಗೆ ದಿನಕ್ಕೊಂದು ಚಿಟಿಕೆ ಮಾತ್ರ ಆಹಾರ ಎಂದು ಕಟ್ಟಪ್ಪಣೆಯಾಯಿತು. ಏನು ಮಾಡಿದರೂ ಶೀಷೆಯ ಬಣ್ಣ ಇಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು ಎಲ್ಲ.

ಯಾಕೆಂದರೆ ಕಾರಣ ನನಗೆ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ.

ಕಾರಣ ಗುಲಾಬಿಯಮ್ಮ, ಹೆರಿಯಣ್ಣನ ಹೆಂಡತಿ. ಹೆರಿಯಣ್ಣನ ಬೋಟಿನಲ್ಲಿ ಒಂದು ವಾಡಿಕೆ ಇತ್ತು. ಅಡುಗೆಯಾದ ಕೂಡಲೇ ಮೊದಲ ತುತ್ತು ಅನ್ನ ಕಡಲಿಗೆ, ಆಮೇಲೆ ತಮ್ಮ ಬಟ್ಟಲಿಗೆ. ಅನ್ನ ತಿಂದ ಕಡಲು ಉಂಡ ಮನೆಗೆ ಎರಡು ಬಗೆಯುವುದಿಲ್ಲ ಎಂದು ಅವರ ನಂಬಿಕೆ. ಗುಲಾಬಿಯಮ್ಮ ಮದುವೆಯಾದಾಗಿನಿಂದ ದಡದಲ್ಲಿ ನಿಂತು ಬೋಟಿನ ದಾರಿ ಕಾದವರು. ಕಡಲೆಂದರೆ ಅವರಿಗೆ ಭಕ್ತಿಗಿಂತ ಹೆಚ್ಚಾಗಿ ಭಯ. ಆ ಕಡಲು ಈಗ ಅವರದೇ ಚಾವಡಿಯಲ್ಲಿ ಬಂದು ಕೂತಿದೆ. ಮನೆಗೆ ಬಂದವರನ್ನು ಹಸಿದು ಕೂರಿಸುವುದುಂಟೇ? ದಿನಾ ಗಂಜಿ ಬೆಂದ ಕೂಡಲೇ, ಹೆರಿಯಣ್ಣ ಸ್ನಾನಕ್ಕೆ ಹೋದ ಹೊತ್ತು ನೋಡಿ, ಸೆರಗಿನ ಮರೆಯಲ್ಲಿ ಒಂದು ಹಿಡಿ ಕುಚ್ಚಲಕ್ಕಿ ಅನ್ನ ತಂದು ಕಲ್ಲಿನ ಹಿಂದೆ ಬಿಡುತ್ತಿದ್ದರು. ಕಣ್ಣು ಮುಚ್ಚಿ ಕೈ ಮುಗಿದು ಹೋಗುತ್ತಿದ್ದರು. ಅನ್ನ ಕಲ್ಲಿನ ಸಂದಿಯಲ್ಲಿ ಕೊಳೆಯುತ್ತಿತ್ತು.

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಆ ಮುಖ ನನ್ನ ಗಾಜಿಗೆ ಅಷ್ಟು ಹತ್ತಿರ ಬರುತ್ತಿತ್ತು, ಆ ಕಣ್ಣಿನ ನೀರು ನನ್ನ ಅಂಚಿನ ಮೇಲೆ ಬೀಳುತ್ತಿತ್ತು. ಗಂಡನನ್ನು ಉಳಿಸಿಕೊಳ್ಳಲು ಹಾಕಿದ ಅನ್ನವೇ ಗಂಡನನ್ನು ಬೋಟಿಗೆ ಅಟ್ಟುತ್ತಿದೆ ಎಂದು ಆ ತಾಯಿಗೆ ಯಾರು ಹೇಳಬೇಕು?

ಪಾಚಿ ಹೆಚ್ಚಿದಷ್ಟೂ ಗುಲಾಬಿಯಮ್ಮನಿಗೆ ಕಡಲು ಮುನಿದಿದೆ ಎನ್ನಿಸಿತು. ಹಿಡಿ ದೊಡ್ಡದಾಯಿತು. ಹವಳ ಬೆರಳು ಬಿಚ್ಚುವುದನ್ನು ಬಿಟ್ಟಿತು. ಕೇಸರಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಜಲಜಳಿಗೆ ಅಪ್ಪನ ಮೇಲೆ ಗುಮಾನಿ. ನೀವೇ ಕದ್ದು ಏನಾದರೂ ಹಾಕುತ್ತಿದ್ದೀರಿ ಎಂದು ಒಂದು ದಿನ ಕೇಳಿಯೇ ಬಿಟ್ಟಳು. ಹೆರಿಯಣ್ಣ ಎದ್ದು ಹೊರಗೆ ಹೋದರು. ಮರುದಿನದಿಂದ ನನ್ನೆದುರು ಕೂರುವುದನ್ನು ಬಿಟ್ಟು ಬಂದರಿಗೆ ಹೋಗಿ ಬಲೆ ಹೊಲಿಯುವವರ ಜೊತೆ ಕೂತರು. ನನ್ನ ಎದುರಿನ ಕುರ್ಚಿ ಖಾಲಿಯಾಯಿತು. ನಾನೂ ಪೂರ್ತಿ ಹಸಿರಾಗಿ ಕುರುಡಿಯಾದೆ. ಶಂಖದ ಹುಳು ನೆಕ್ಕಿದ ಒಂದು ಗೀಟಿನಷ್ಟು ಜಾಗದಿಂದ ಮಾತ್ರ ಹೊರಗೆ ಕಾಣುತ್ತಿತ್ತು.

ನಿಷೇಧ ಮುಗಿಯಿತು. ಬೋಟುಗಳಿಗೆ ಪೂಜೆಯಾಯಿತು. ಹೊರಡುವ ದಿನ ಬೆಳಿಗ್ಗೆ ಹೆರಿಯಣ್ಣ, ಈ ಕಡಲು ಸತ್ತ ಹಾಗೇ ಲೆಕ್ಕ ಎಂದು, ಹಳೇ ಚೀಲಕ್ಕೆ ಪಂಚೆ, ಟವೆಲು, ಎಲೆಯಡಿಕೆ ತುಂಬಿದರು. ಜಲಜ ರಾತ್ರಿಯೆಲ್ಲ ಬೇಡಿಕೊಂಡು, ಸೋತು, ಊದಿದ ಕಣ್ಣಿನಲ್ಲೇ ಲ್ಯಾಬಿಗೆ ಹೋಗಿದ್ದಳು. ಹೆರಿಯಣ್ಣ ಹೆಂಡತಿಗೆ ಬರುತ್ತೇನೆಂದು ಹೇಳಿ ಅಂಗಳ ದಾಟಿದರು.

ಅವರ ಬೆನ್ನು ಮರೆಯಾದದ್ದೇ ಗುಲಾಬಿಯಮ್ಮ ಇಡೀ ಗಂಜಿಯ ಪಾತ್ರೆಯನ್ನೇ ತಂದರು. ಎರಡೂ ಕೈಯಲ್ಲಿ ಬಾಚಿ ಬಾಚಿ ನನ್ನೊಳಗೆ ಸುರಿದರು. ಅಡಗಿಸುವ ಹಂಗೂ ಇರಲಿಲ್ಲ.

"ಹೊಟ್ಟಿ ತುಂಬ ಉಣ್ಣ್ ತಾಯಿ. ಇವ್ರನ್ನ್ ಕರಿಬೇಡ. ಇವ್ರನ್ನ್ ಮಾತ್ರ ಕರಿಬೇಡ."

ಆ ಗೀಟಿನ ಜಾಗದಿಂದ ನಾನು ಬಾಗಿಲು ನೋಡಿದೆ. ಹೆರಿಯಣ್ಣ ಅಲ್ಲಿ ನಿಂತಿದ್ದರು. ಎದೆಯ ಮಾತ್ರೆ ಮರೆತು ತಿರುಗಿ ಬಂದಿದ್ದರು. ಹೆಂಡತಿಯ ಕೈ ಮೊಣಕೈವರೆಗೂ ಗಂಜಿಯಾಗಿತ್ತು. ಚಂಡಮಾರುತಕ್ಕೆ ಹೆದರದ ಮನುಷ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ಇಷ್ಟು ವರ್ಷ ತಾನು ಕಡಲಿಗೆ ಹೋದಾಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಅವರು ಕಂಡದ್ದು ಅಂದೇ ಮೊದಲು.

ಚೀಲ ಕೆಳಗಿಟ್ಟು ಹತ್ತಿರ ಬಂದು, ಹೆಂಡತಿಯ ಕೈ ಹಿಡಿದು ನೀರಿನಿಂದ ಹೊರಗೆ ತೆಗೆದರು.

"ಅದ್ಕೆ ಹಸಿವಿಲ್ಲೆ, ಗುಲಾಬಿ. ನಾನ್ ಹೋತಿಲ್ಲೆ."

"ಕಡಲ್ ಸತ್ರೆ?" ಎಂದರು ಗುಲಾಬಿಯಮ್ಮ.

"ಸತ್ರೂ ಹೋತಿಲ್ಲೆ."

ಅಷ್ಟೇ ಮಾತು. ಆಮೇಲೆ ಹೆರಿಯಣ್ಣ ಅಂಗಿಯ ತೋಳು ಮಡಚಿ ನನ್ನೊಳಗೆ ಕೈ ಹಾಕಿದರು. ಕಲ್ಲೆತ್ತಿದರೆ ಅಡಿಯಲ್ಲಿ ಕಪ್ಪಾದ ಹಳೇ ಅನ್ನ. ಇಬ್ಬರೂ ಸೇರಿ ಬಸಿಯುವ ತಟ್ಟೆಯಲ್ಲಿ, ಬಟ್ಟೆಯಲ್ಲಿ ಹಿಡಿದು ಹಿಡಿದು ಅಗುಳುಗಳನ್ನೆಲ್ಲ ತೆಗೆದು ಬಕೆಟ್ಟಿಗೆ ಹಾಕಿದರು. ದೂರದಲ್ಲಿ ಬೋಟುಗಳ ಸದ್ದು ಕೇಳಿತು. ಹೆರಿಯಣ್ಣ ಒಮ್ಮೆ ತಲೆಯೆತ್ತಿ, ಮತ್ತೆ ಅಗುಳು ಆರಿಸಿದರು.

ಜಲಜ ಬಂದವಳು ಅಪ್ಪನನ್ನು ಕಂಡು ಬಾಗಿಲಲ್ಲೇ ಕುಸಿದು ಕೂತು ಅತ್ತಳು. ಅಳು ನಿಂತ ಮೇಲೆ ಆ ಬಕೆಟ್ಟಿನ ಅನ್ನ ತೊಟ್ಟಿಗೆ ಹಾಕಿದ್ದು ಯಾರೆಂದು ಕೇಳಿದಳು. ಗುಲಾಬಿಯಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು, ಮುಖ ಸುಣ್ಣದ ಹಾಗಾಗಿತ್ತು.

"ನಾನೇ ಹಾಕ್ತಿದ್ದೆ ಮಗಾ," ಎಂದರು ಹೆರಿಯಣ್ಣ. "ಇನ್ನ್ ಹಾಕುದಿಲ್ಲ."

ಮಗಳಿಂದ ಬೈಗುಳ ತಿನ್ನುವಾಗ ಅವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಗುಟ್ಟು ನಮ್ಮ ಮೂವರಲ್ಲೇ ಉಳಿಯಿತು. ನನ್ನ ಬಾಯಿಗಂತೂ ಹುಟ್ಟಾ ಬೀಗ.

ಅನ್ನ ನಿಂತಿತು. ಬೋಟಿನ ಹುಡುಗರು ಬಂದಾಗೆಲ್ಲ ಡ್ರಮ್ಮಿನಲ್ಲಿ ಹೊಸ ನೀರು ತಂದರು. ಜಲಜ ಪಕ್ಕದ ಒಂದು ಸಣ್ಣ ಡಬ್ಬಿಯಲ್ಲಿ ಒಳ್ಳೆಯ ಜಾತಿಯ ಕಡಲಸೊಪ್ಪು ಬೆಳೆಸಿದಳು. ಅದು ನೀರಿನ ಗೊಬ್ಬರವನ್ನು ತಾನೇ ಹೀರಿ ಕೆಟ್ಟ ಪಾಚಿಯನ್ನು ಉಪವಾಸ ಕೆಡವಿತು. ಇದೆಲ್ಲ ಒಂದೇ ದಿನಕ್ಕೆ ಆಗುವ ಕೆಲಸವಲ್ಲ. ಶೀಷೆಯ ಕುಂಕುಮ ಕಿತ್ತಳೆಯಾಗಿ, ಕಿತ್ತಳೆ ಹಳದಿಯಾಗುವಷ್ಟರಲ್ಲಿ ದೀಪಾವಳಿ ಬಂದಿತ್ತು. ಹವಳ ಮತ್ತೆ ಬೆರಳು ಬಿಚ್ಚಿದ ದಿನ ಹೆರಿಯಣ್ಣ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಬಂದವರು ಯಾರೂ ನನ್ನನ್ನು ನೋಡಲಿಲ್ಲ, ನನ್ನೊಳಗಿನದನ್ನೇ ನೋಡಿದರು. ಇದಕ್ಕಿಂತ ಹೆಚ್ಚು ಇನ್ನೇನು ಬೇಕು?

ವರ್ಷಗಳು ಕಳೆದವು. ಉಪ್ಪು ನೀರು ಹೊತ್ತು ಹೊತ್ತು ನನ್ನ ಅಂಟು ಸೋತಿತು. ಒಂದು ಬೆಳಿಗ್ಗೆ ಮೂಲೆಯಿಂದ ಸೋರತೊಡಗಿದೆ. ಜಲಜ ಹೊಸ ತೊಟ್ಟಿ ತಂದು ನನ್ನ ನೀರು, ಕಲ್ಲು, ಹವಳ, ಮೀನು ಎಲ್ಲವನ್ನೂ ಅದಕ್ಕೆ ಸಾಗಿಸಿದಳು. ಹೊಸಬಳು ನನಗಿಂತ ದೊಡ್ಡವಳು, ಚೆಂದದವಳು. ಹೊಟ್ಟೆಕಿಚ್ಚು ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವಳೊಳಗೆ ಇರುವುದು ನನ್ನ ಕಡಲೇ ಅಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ನನ್ನನ್ನು ಗುಜರಿಗೆ ಕೊಡಲು ಗುಲಾಬಿಯಮ್ಮ ಒಪ್ಪಲಿಲ್ಲ. ಹಿತ್ತಲಿನ ಮೂಲೆಯಲ್ಲಿ ನನ್ನನ್ನು ಅಡ್ಡ ಮಲಗಿಸಿದ್ದಾರೆ. ಒಳಗೆ ಒಂದು ಹೇಂಟೆ ಕೋಳಿ ಮರಿ ಮಾಡಿದೆ. ಮರಿಗಳು ನನ್ನ ಗಾಜನ್ನು ಕುಕ್ಕುತ್ತವೆ, ಮೈತುಂಬ ಗೀರು, ಮೇಲಿಂದ ಹಿಕ್ಕೆ ಬೇರೆ. ಈಗ ಗೊಣಗುವುದನ್ನು ಬಿಟ್ಟಿದ್ದೇನೆ.

ದಿನಾ ಗಂಜಿ ಬೆಂದ ಕೂಡಲೇ ಗುಲಾಬಿಯಮ್ಮ ಹಿತ್ತಲಿಗೆ ಬರುತ್ತಾರೆ. ಮಂಡಿ ನೋವು, ಮೆಲ್ಲಗೆ ಬಗ್ಗುತ್ತಾರೆ. ಸೆರಗಿನ ಮರೆಯಿಲ್ಲ, ಕದ್ದುಮುಚ್ಚಿ ಹಾಕುವುದೂ ಇಲ್ಲ. ಮೊದಲ ಹಿಡಿ ಅನ್ನ ನನ್ನೊಳಗೆ ಹಾಕಿ ಕೈ ಮುಗಿಯುತ್ತಾರೆ. ಮರಿಗಳು ಮುಗಿಬಿದ್ದು ತಿನ್ನುತ್ತವೆ, ಒಂದು ಅಗುಳೂ ಉಳಿಯುವುದಿಲ್ಲ.

ಅಷ್ಟರಲ್ಲಿ ಚಾವಡಿಯಿಂದ, ನರೆತ ಕೂದಲಿನ ಹೆರಿಯಣ್ಣನ ಸ್ವರ ಕೇಳುತ್ತದೆ.

"ಕಡಲಿಗೆ ಹಾಕಿದ್ಯಾ, ಗುಲಾಬಿ?"

"ಹಾಕ್ದೆ. ಕೈ ತೊಳ್ಕಣಿ, ಬಡಿಸ್ತೆ," ಎನ್ನುತ್ತಾ ಅವರು ಒಳಗೆ ಹೋಗುತ್ತಾರೆ.