ಅಣ್ಣನ ಕೋಡ್, ಹೊಸ ಚಿಪ್

ಅಂಜನಕುಮಾರ ಹೋದ ಮೇಲೆ ಅವನ ತಮ್ಮ ಸಿದ್ದೇಶನ ಮೈಮನಸ್ಸೆಲ್ಲ ಜಡ್ಡುಗಟ್ಟಿತ್ತು. ದಿನಾ ದಾವಣಗೆರೆಯಲ್ಲಿ ಬಸ್ಸು ಹತ್ತುತ್ತಿದ್ದ, ಹರಿಹರದಲ್ಲಿ ಇಳಿಯುತ್ತಿದ್ದ, ಅಂಗಡಿಯ ಶಟರ್ ಎತ್ತುತ್ತಿದ್ದ. ಅಣ್ಣ ತಮ್ಮ ಸೇರಿ ನಡೆಸಿದ ಅಂಗಡಿ ಅದು. ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ ಯಂತ್ರಕ್ಕೆ ಕಂಟ್ರೋಲ್ ಬೋರ್ಡು ಮಾಡುತ್ತಿದ್ದರು. ಪ್ರೋಗ್ರಾಮು ಬರೆಯುವವನು ಅಣ್ಣ; ಪಕ್ಕದಲ್ಲಿ ಕೂತು ತಮ್ಮನೂ ಕಲಿತಿದ್ದ, ಆದರೆ ಓಡಾಟವೆಲ್ಲ ಅವನದು. ಬೋರ್ಡಿಗೆ ಬೆಸುಗೆ ಹಾಕುವವಳು ಅತ್ತಿಗೆ ಭವ್ಯಾ. ಗಂಡನ ತಿಥಿ ಮುಗಿದ ಮಾರನೇ ದಿನವೇ ಬಂದು ಕೂತಳು, ಕೇಳಿದ್ದು ಒಂದೇ ಮಾತು.

"ಅವರು ಬರೆದಿದ್ದನ್ನ ಮುಟ್ಟಬ್ಯಾಡ ಸಿದ್ದೇಶ. ಒಂದು ಸಾಲೂ ಮುಟ್ಟಬ್ಯಾಡ."

ಹೂಂ ಅಂದಿದ್ದ. ಆದರೆ ಹಾಳಾದ್ದು, ಅಣ್ಣ ಬಳಸುತ್ತಿದ್ದ ಹಳೇ ಚಿಪ್ ಮಾರುಕಟ್ಟೆಗೆ ಬರುವುದೇ ನಿಂತುಹೋಯಿತು. ಹೊಸ ಚಿಪ್ ತಂದು, ಅಣ್ಣನ ಕೋಡನ್ನು ಸಾಲಿಗೆ ಸಾಲು ಹೊಂದಿಸಿ ಇಳಿಸಿದ. ಬಿಟ್ಟದ್ದೂ ಇಲ್ಲ, ಸೇರಿಸಿದ್ದೂ ಇಲ್ಲ, ದೇವರ ಪೂಜೆ ಮಾಡಿದಂತೆ ಮಾಡಿದ. ಮಲೆಬೆನ್ನೂರಿನ ಮಿಲ್ಲಿನಲ್ಲಿ ಕೂರಿಸಿದರೆ ಬಿಸಿಯ ಅಂಕಿ ಹುಚ್ಚುಚ್ಚಾಗಿ ಕುಣಿಯಿತು, ಫ್ಯಾನು ತನಗೆ ತಾನೇ ನಿಂತಿತು. ಮಿಲ್ ಮಾಲೀಕ ಪಂಚಾಕ್ಷರಪ್ಪ ಮುಖದ ಮೇಲೇ ಹೇಳಿದರು: "ಕೊಯ್ಲಿಗೆ ಮುಂಚೆ ಸರಿಹೋಗ್ಲಿಲ್ಲ ಅಂದ್ರ ಬಿಚ್ಕೊಂಡ್ ಹೋಗ್ರಿ."

ತಪ್ಪು ಎಲ್ಲಿದೆಯೆಂದು ಸಿದ್ದೇಶ ಹುಡುಕಿಯೇಬಿಟ್ಟ. ಚಿಪ್ ಅನ್ನುವುದು ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಪ್ರಾಣಿ. ಬಿಸಿ ನೋಡುವುದನ್ನು ಅರ್ಧಕ್ಕೆ ಬಿಟ್ಟು ಫ್ಯಾನಿನ ಕಡೆ ಹೋಗುವಾಗ, ಕೈಯಲ್ಲಿದ್ದ ಲೆಕ್ಕವನ್ನೆಲ್ಲ ಆ ಕೆಲಸಕ್ಕೆಂದೇ ಮೀಸಲಿಟ್ಟ ಜಾಗದಲ್ಲಿ, ಅಂದರೆ ಅದರ ಸ್ಟ್ಯಾಕಿನಲ್ಲಿ, ಇಟ್ಟು ಹೋಗಬೇಕು, ಬಂದಮೇಲೆ ಎತ್ತಿಕೊಳ್ಳಬೇಕು. ಹಳೇ ಚಿಪ್ ಹೇಳದೆ ಏನನ್ನೂ ಇಡುತ್ತಿರಲಿಲ್ಲ. ಅದಕ್ಕೇ ಅಣ್ಣ ಒಂದೊಂದನ್ನೂ ಹೇಳಿ ಇಡಿಸಿದ್ದ, ಜಾಗವನ್ನೂ ಬೇಕಾದಷ್ಟೇ ಅಳೆದು ಕೊಟ್ಟಿದ್ದ. ಅಬ್ಬಾ, ಎಂಥ ಜುಗ್ಗ! ಹೊಸ ಚಿಪ್ಪಿನ ರಚನೆಯೇ ಬೇರೆ. ಹೊರಡುವಾಗ ಅರ್ಧ ಸಾಮಾನು ತಾನೇ ಇಟ್ಟುಬಿಡುತ್ತದೆ. ಅಣ್ಣನ ಸಾಲುಗಳು ಅವನ್ನೇ ಮತ್ತೊಮ್ಮೆ ಇಡುತ್ತಿದ್ದವು. ಸ್ಟ್ಯಾಕು ತುಂಬಿ ಪಕ್ಕದ ಕೆಲಸದ ಜಾಗಕ್ಕೆ ಚೆಲ್ಲುತ್ತಿತ್ತು.

ಜಾಗ ಹೆಚ್ಚಿಸಿ ತೇಪೆ ಹಾಕಬಹುದಿತ್ತು. ತೇಪೆ ಹಾಕಿದ ಬೋರ್ಡನ್ನು ಅಣ್ಣ ಎಂದೂ ಹೊಸ್ತಿಲು ದಾಟಿಸಿದವನಲ್ಲ. ಉಳಿದ ಕೋಡೆಲ್ಲ ಯಾವ ಚಿಪ್ಪಿಗಾದರೂ ಸಲ್ಲುತ್ತಿತ್ತು, ಲೆಕ್ಕ ಇಡುವ, ಎತ್ತುವ ಇದೊಂದು ತುಂಡು ಮಾತ್ರ ಹಳೇ ಚಿಪ್ಪಿನ ಅಳತೆಗೇ ಹೊಲಿದದ್ದು. ಬಂದವರಿಗೆಲ್ಲ ಅಣ್ಣ ಕರೆಕರೆದು ತೋರಿಸುತ್ತಿದ್ದದ್ದೂ ಅದನ್ನೇ.

"ಅತ್ತಿಗೆ, ಇಷ್ಟು ತೆಗೀಬೇಕು. ಬ್ಯಾರೆ ದಾರಿ ಇಲ್ಲ."

ಭವ್ಯಾ ಬೆಸುಗೆ ಕಡ್ಡಿ ಬದಿಗಿಟ್ಟು ಬಂದಳು. ಅರ್ಥವಾಗದಿದ್ದರೂ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು.

"ತೆಗೆದ್ರ ಓಡ್ತೈತಾ?"

"ಓಡ್ತೈತೆ."

"ತೆಗಿ ಹಂಗಾರೆ."

ತೆಗೆದ. ಎದೆಯಲ್ಲಿ ಏನಾದರೂ ಆದೀತೆಂದು ಕಾದ, ಏನೂ ಆಗಲಿಲ್ಲ. ಆ ಜಾಗದಲ್ಲಿ ತನ್ನ ಸಾಲುಗಳನ್ನು ಬರೆದ. ಅವಳು ಹೋಗಿ ಮತ್ತೆ ಬೆಸುಗೆಗೆ ಕೂತಳು.

ಬೋರ್ಡು ಕೂರಿಸಲು ಈ ಸಲ ಭವ್ಯಾಳೂ ಜೊತೆಗೆ ಹೋದಳು. ಮಲೆಬೆನ್ನೂರಿನಲ್ಲಿ ಯಂತ್ರ ಬೆಳಿಗ್ಗೆಯಿಂದ ಸಂಜೆವರೆಗೆ ಒಮ್ಮೆಯೂ ತಡವರಿಸದೆ ಓಡಿತು. ಪಂಚಾಕ್ಷರಪ್ಪ ಒಂದು ಕಾಳು ಕಚ್ಚಿ ನೋಡಿ ತಲೆದೂಗಿದರು.

"ಭಲೆ! ಅಂಜನಕುಮಾರನ ಕೈ ಅಂದ್ರ ಕೈ ನೋಡ್ರಿ. ಹೋದಮ್ಯಾಲೂ ನಮ್ಮ ಮಿಲ್ ನಡಸಾಕ್ಹತ್ಯಾನ."

"ಹೌದ್ರಿ," ಎಂದ ಸಿದ್ದೇಶ. ಈಗೀಗ ಯಾರು ಏನೆಂದರೂ ಅವನು ಹೌದ್ರಿ ಅನ್ನುತ್ತಿದ್ದ.

"ಅಲ್ರಿ," ಎಂದಳು ಭವ್ಯಾ. "ಇದು ಅವರದ್ದಲ್ಲ. ಅವರು ಸತ್ತೋದ್ರು. ಇದು ಸಿದ್ದೇಶ ಬರೆದಿದ್ದು."

ಮನೆಯಲ್ಲಿ ಹೋದರು ಅನ್ನುತ್ತಿದ್ದರು, ತೀರಿಕೊಂಡರು ಅನ್ನುತ್ತಿದ್ದರು. ಸತ್ತರು ಅನ್ನುವ ಮಾತನ್ನು ಇದುವರೆಗೆ ಯಾರೂ ಆಡಿರಲಿಲ್ಲ, ಅವಳಂತೂ ಆಡಿರಲೇ ಇಲ್ಲ. ಸಿದ್ದೇಶ ಪಕ್ಕದ ಭತ್ತದ ಚೀಲದ ಮೇಲೆ ಕೂತ. ಅಣ್ಣ ಸತ್ತದ್ದು ಅವನಿಗೆ ಗೊತ್ತಾದದ್ದು ಆಗ.